ನಿರ್ವಹಣೆ ಮತ್ತು ನಾಯಕತ್ವ

ನಿರ್ವಹಣೆ ಮತ್ತು ನಾಯಕತ್ವ ಇವು ಒಂದು ಸಂಸ್ಥೆಯಲ್ಲಿ ಜನರನ್ನು ಕೂಡಿಸಿಕೊಂಡು ಕೆಲಸ ನಡೆಸುವ ಎರಡು ಭಿನ್ನ ಕಾರ್ಯಗಳು. ಒಪ್ಪಿತವಾದ ಗುರಿಯನ್ನು ಲಭ್ಯವಿರುವ ಹಣ, ಸಮಯ, ಸಾಮಗ್ರಿ ಮತ್ತು ಸಿಬ್ಬಂದಿಯ ನೆರವಿನಿಂದ ಕ್ರಮಬದ್ಧವಾಗಿ ಸಾಧಿಸುವುದು ನಿರ್ವಹಣೆ. ಗುರಿ ಯಾವುದಾಗಿರಬೇಕೆಂದು ಕಂಡುಕೊಂಡು, ಇತರರು ಅದನ್ನು ತಮ್ಮದೆಂದು ಒಪ್ಪಿ ಸ್ವಇಚ್ಛೆಯಿಂದ ಅದರತ್ತ ನಡೆಯುವಂತೆ ಮಾಡುವುದು ನಾಯಕತ್ವ. ಆಡುಮಾತಿನಲ್ಲಿ ಈ ಎರಡನ್ನೂ ಸಮಾನಾರ್ಥಕವಾಗಿ ಬಳಸುವುದುಂಟು. ಆದರೆ ನಿರ್ವಹಣಾಶಾಸ್ತ್ರ, ಸಾರ್ವಜನಿಕ ಆಡಳಿತ, ಸಮಾಜಶಾಸ್ತ್ರ ಹಾಗೂ ಶಿಕ್ಷಣಶಾಸ್ತ್ರಗಳಲ್ಲಿ ಇವುಗಳ ನಡುವಣ ವ್ಯತ್ಯಾಸವು 20ನೆಯ ಶತಮಾನದ ಉತ್ತರಾರ್ಧದಿಂದ ಪ್ರತ್ಯೇಕ ಅಧ್ಯಯನದ ವಿಷಯವಾಗಿದೆ.

ಈ ವ್ಯತ್ಯಾಸವು ಎರಡು ಬಗೆಯ ಮನುಷ್ಯರ ನಡುವಿನದಲ್ಲ, ಎರಡು ಬಗೆಯ ಕೆಲಸಗಳ ನಡುವಿನದು. ಒಬ್ಬನೇ ವ್ಯಕ್ತಿ ಒಂದೇ ದಿನದಲ್ಲಿ ಎರಡನ್ನೂ ಮಾಡಬಹುದು. ಇಬ್ಬರು ಹಂಚಿಕೊಂಡೂ ಮಾಡಬಹುದು. ಬೃಹತ್ ಉದ್ಯಮಗಳಲ್ಲಿ ಮಾತ್ರವಲ್ಲದೆ ಹಳ್ಳಿಯ ಹಾಲು ಉತ್ಪಾದಕರ ಸಂಘ, ಗ್ರಾಮ ಪಂಚಾಯಿತಿ, ಸರ್ಕಾರಿ ಶಾಲೆಗಳಲ್ಲಿಯೂ ಇದನ್ನು ಸ್ಪಷ್ಟವಾಗಿ ಗುರುತಿಸಬಹುದು.

## ಪದಗಳ ಅರ್ಥ

'ನಿರ್ವಹಣೆ' ಎಂಬ ಪದವು ಸಂಸ್ಕೃತದ 'ವಹ್' (ಹೊರು) ಎಂಬ ಧಾತುವಿಗೆ 'ನಿರ್' ಎಂಬ ಉಪಸರ್ಗ ಸೇರಿ ಆದದ್ದು. ಹೊತ್ತ ಹೊಣೆಯನ್ನು ಕೊನೆಮುಟ್ಟಿಸುವುದು ಎಂಬುದು ಅದರ ಮೂಲ ಭಾವ. 'ನಾಯಕ' ಎಂಬುದು 'ನೀ' (ಕರೆದೊಯ್ಯು) ಎಂಬ ಧಾತುವಿನಿಂದ ಬಂದಿದೆ. ಒಂದು ಪದದಲ್ಲಿ ಹೊರುವ ಕ್ರಿಯೆಯೂ ಇನ್ನೊಂದರಲ್ಲಿ ದಾರಿತೋರಿ ಕರೆದೊಯ್ಯುವ ಕ್ರಿಯೆಯೂ ಅಡಗಿರುವುದರಿಂದ ಎರಡರ ವ್ಯತ್ಯಾಸವು ಪದಗಳಲ್ಲಿಯೇ ಸೂಚಿತವಾಗಿದೆ.

ಕನ್ನಡದಲ್ಲಿ ನಾಯಕತ್ವಕ್ಕೆ ಮುಂದಾಳತ್ವ, ನೇತೃತ್ವ ಎಂಬ ಪದಗಳಿವೆ. ನಿರ್ವಹಣೆಗೆ ಆಡಳಿತ, ಮೇಲ್ವಿಚಾರಣೆ, ವ್ಯವಸ್ಥಾಪನೆ ಎಂಬ ಪದಗಳು ಸಂದರ್ಭಾನುಸಾರ ಬಳಕೆಯಲ್ಲಿವೆ. ದೇವಾಲಯ, ಮಠಗಳ ದೈನಂದಿನ ವ್ಯವಹಾರವನ್ನು ನೋಡಿಕೊಳ್ಳುವವನನ್ನು 'ಪಾರುಪತ್ಯಗಾರ' ಎಂದು ಕರೆಯುವ ರೂಢಿಯಿದೆ. ಚಿತ್ರದುರ್ಗವನ್ನು ಆಳಿದ ಪಾಳೆಯಗಾರರು ತಮ್ಮ ಹೆಸರಿನೊಡನೆ 'ನಾಯಕ' ಎಂಬುದನ್ನು ಧರಿಸಿದ್ದರು. ಅಲ್ಲಿ ಅದು ಸೈನ್ಯದ ಮುಂದಾಳು ಹಾಗೂ ನಾಡಿನ ಒಡೆಯ ಎಂಬ ಅರ್ಥದಲ್ಲಿ ಬಳಕೆಯಾಗಿದೆ. ಆಧುನಿಕ ಅಧ್ಯಯನಗಳಲ್ಲಿ ಒಡೆತನ ಅಥವಾ ಪದವಿ ಇದ್ದ ಮಾತ್ರಕ್ಕೆ ನಾಯಕತ್ವವಿದೆ ಎಂದು ಭಾವಿಸುವುದಿಲ್ಲ.

## ಪರಿಕಲ್ಪನೆಯ ಬೆಳವಣಿಗೆ

ನಿರ್ವಹಣೆಯು ವ್ಯವಸ್ಥಿತ ಶಾಸ್ತ್ರವಾಗಿ ರೂಪುಗೊಂಡದ್ದು ಕಾರ್ಖಾನೆಗಳು ಬೆಳೆದ ಕಾಲದಲ್ಲಿ. ಅಮೆರಿಕದ ಫ್ರೆಡೆರಿಕ್ ಟೇಲರ್ 1911ರಲ್ಲಿ ವೈಜ್ಞಾನಿಕ ನಿರ್ವಹಣೆಯ ತತ್ತ್ವಗಳನ್ನು ಪ್ರಕಟಿಸಿ, ಪ್ರತಿಯೊಂದು ಕೆಲಸವನ್ನೂ ಅಳೆದು ಅದಕ್ಕೊಂದು ಉತ್ತಮ ವಿಧಾನವನ್ನು ಗೊತ್ತುಪಡಿಸಬಹುದೆಂದು ವಾದಿಸಿದನು. ಫ್ರಾನ್ಸಿನ ಹೆನ್ರಿ ಫಯೋಲ್ 1916ರಲ್ಲಿ ನಿರ್ವಹಣೆಯ ಕಾರ್ಯಗಳನ್ನು ಯೋಜನೆ, ಸಂಘಟನೆ, ಆಜ್ಞೆ, ಸಮನ್ವಯ ಮತ್ತು ನಿಯಂತ್ರಣ ಎಂದು ಐದಾಗಿ ವಿಂಗಡಿಸಿ, 14 ತತ್ತ್ವಗಳನ್ನು ನಿರೂಪಿಸಿದನು. ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್ ಅಧಿಕಾರವನ್ನು ಸಾಂಪ್ರದಾಯಿಕ, ವರ್ಚಸ್ಸಿನಿಂದ ಬಂದ ಮತ್ತು ಕಾನೂನುಬದ್ಧ ಎಂದು ಮೂರು ಬಗೆಯಾಗಿ ವಿಂಗಡಿಸಿದನು. ಕಚೇರಿಯ ಮೇಲಧಿಕಾರಿಯ ಮಾತನ್ನು ಜನ ಕೇಳುವುದಕ್ಕೂ ಚಳವಳಿಯ ಮುಂದಾಳಿನ ಮಾತನ್ನು ಕೇಳುವುದಕ್ಕೂ ಕಾರಣಗಳು ಬೇರೆ ಎಂಬುದನ್ನು ಈ ವಿಂಗಡಣೆ ತೋರಿಸಿತು. ಮೇರಿ ಪಾರ್ಕರ್ ಫಾಲೆಟ್ ಜನರ ಮೇಲೆ ಚಲಾಯಿಸುವ ಅಧಿಕಾರ ಮತ್ತು ಜನರೊಡಗೂಡಿ ಬೆಳೆಸುವ ಅಧಿಕಾರ ಎಂಬ ಭೇದವನ್ನು ಮುಂದಿಟ್ಟರು.

ಇವೆರಡನ್ನೂ ನೇರವಾಗಿ ಎದುರುಬದುರು ನಿಲ್ಲಿಸಿದ ಲೇಖನವನ್ನು 1977ರಲ್ಲಿ ಅಬ್ರಹಾಂ ಝಾಲೆಜ್ನಿಕ್ ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪತ್ರಿಕೆಯಲ್ಲಿ ಪ್ರಕಟಿಸಿದರು. ನಿರ್ವಾಹಕರು ಮತ್ತು ನಾಯಕರು ಸ್ವಭಾವದಿಂದಲೇ ಭಿನ್ನರೆಂಬುದು ಅವರ ಅಭಿಪ್ರಾಯವಾಗಿತ್ತು. ಮರುವರ್ಷ ಜೇಮ್ಸ್ ಮ್ಯಾಕ್‌ಗ್ರೆಗರ್ ಬರ್ನ್ಸ್ ಕೊಡು-ಕೊಳ್ಳುವಿಕೆಯನ್ನು ಆಧರಿಸಿದ ನಾಯಕತ್ವವನ್ನೂ, ಅನುಯಾಯಿಗಳ ಆಶಯವನ್ನೇ ಎತ್ತರಿಸುವ ಪರಿವರ್ತನಶೀಲ ನಾಯಕತ್ವವನ್ನೂ ಬೇರ್ಪಡಿಸಿದರು. 1990ರಲ್ಲಿ ಜಾನ್ ಕಾಟರ್, ಸಂಕೀರ್ಣತೆಯನ್ನು ನಿಭಾಯಿಸುವುದು ನಿರ್ವಹಣೆಯ ಕೆಲಸ, ಬದಲಾವಣೆಯನ್ನು ನಿಭಾಯಿಸುವುದು ನಾಯಕತ್ವದ ಕೆಲಸ ಎಂದು ವಿವರಿಸಿದರು. ಸಂಸ್ಥೆಗಳಿಗೆ ಎರಡೂ ಬೇಕೆಂಬ ಅವರ ನಿಲುವು ಇಂದು ಹೆಚ್ಚಿನ ಮನ್ನಣೆ ಪಡೆದಿದೆ.

ಕರ್ನಾಟಕದ ದ್ವಿತೀಯ ಪದವಿಪೂರ್ವ ತರಗತಿಯ ವ್ಯವಹಾರ ಅಧ್ಯಯನದಲ್ಲಿ ನಿರ್ವಹಣೆಯ ಕಾರ್ಯಗಳನ್ನು ಯೋಜನೆ, ಸಂಘಟನೆ, ಸಿಬ್ಬಂದಿ ವ್ಯವಸ್ಥೆ, ನಿರ್ದೇಶನ ಮತ್ತು ನಿಯಂತ್ರಣ ಎಂದು ಕಲಿಸಲಾಗುತ್ತದೆ. ಅಲ್ಲಿ ನಾಯಕತ್ವವು ಮೇಲ್ವಿಚಾರಣೆ, ಅಭಿಪ್ರೇರಣೆ ಮತ್ತು ಸಂವಹನಗಳೊಡನೆ 'ನಿರ್ದೇಶನ'ದ ಒಂದು ಅಂಗವಾಗಿ ಬರುತ್ತದೆ. ಈ ದೃಷ್ಟಿಯಲ್ಲಿ ನಾಯಕತ್ವವು ನಿರ್ವಹಣೆಯ ಒಳಗಿನದು. ಝಾಲೆಜ್ನಿಕ್ ಮತ್ತು ಕಾಟರ್ ಅವರ ದೃಷ್ಟಿಯಲ್ಲಿ ಅದು ನಿರ್ವಹಣೆಗೆ ಹೊರತಾದ ಪ್ರತ್ಯೇಕ ಕಾರ್ಯ. ಪಠ್ಯ ಮತ್ತು ಇತರ ಗ್ರಂಥಗಳ ನಡುವೆ ಕಾಣುವ ವಿರೋಧಕ್ಕೆ ಈ ಭೇದವೇ ಕಾರಣ.

## ಮುಖ್ಯ ವ್ಯತ್ಯಾಸಗಳು

| ಅಂಶ | ನಿರ್ವಹಣೆ | ನಾಯಕತ್ವ |
|---|---|---|
| ಮೂಲ ಪ್ರಶ್ನೆ | ಕೆಲಸವನ್ನು ಹೇಗೆ, ಯಾವಾಗ, ಎಷ್ಟರಲ್ಲಿ ಮುಗಿಸಬೇಕು? | ಯಾವ ಕೆಲಸ, ಏಕೆ ಮಾಡಬೇಕು? |
| ಅಧಿಕಾರದ ಮೂಲ | ಹುದ್ದೆ, ನಿಯಮ, ಆದೇಶ | ವಿಶ್ವಾಸ, ಮಾದರಿ, ಒಪ್ಪಿಗೆ |
| ಮುಖ್ಯ ಸಾಧನ | ಯೋಜನೆ, ಆಯವ್ಯಯ, ದಾಖಲೆ, ತಪಾಸಣೆ | ಮಾತುಕತೆ, ಮನವರಿಕೆ, ಸ್ವಂತ ನಡತೆ |
| ಜನರೊಡನೆ ಸಂಬಂಧ | ಮೇಲಧಿಕಾರಿ ಮತ್ತು ಸಿಬ್ಬಂದಿ | ಮುಂದಾಳು ಮತ್ತು ಜೊತೆಗಾರರು |
| ಕಾಲದ ನೋಟ | ಈ ದಿನ, ಈ ತಿಂಗಳು, ಈ ಆರ್ಥಿಕ ವರ್ಷ | ಮುಂದಿನ ವರ್ಷಗಳು, ಮುಂದಿನ ತಲೆಮಾರು |
| ಬದಲಾವಣೆಯ ಬಗೆಗಿನ ನಿಲುವು | ಅಡಚಣೆಯಾಗದಂತೆ ಕ್ರಮಕ್ಕೆ ತರುವುದು | ಅಗತ್ಯವಾದಾಗ ತಾನೇ ಆರಂಭಿಸುವುದು |
| ಯಶಸ್ಸಿನ ಅಳತೆ | ಸಮಯಪಾಲನೆ, ಮಿತವ್ಯಯ, ಲೆಕ್ಕದ ಶುದ್ಧಿ | ಜನರ ಪಾಲ್ಗೊಳ್ಳುವಿಕೆ, ಹೊಸ ಮುಂದಾಳುಗಳ ಬೆಳವಣಿಗೆ |

ಇವುಗಳಲ್ಲಿ ಅಧಿಕಾರದ ಮೂಲವು ಪ್ರಧಾನವಾದ ಅಂಶ. ನಿರ್ವಾಹಕನ ಅಧಿಕಾರ ಆತನ ನೇಮಕದ ಆದೇಶದಿಂದ ಬರುತ್ತದೆ. ವರ್ಗಾವಣೆಯಾದ ದಿನ ಅದು ಮತ್ತೊಬ್ಬರಿಗೆ ಹಸ್ತಾಂತರವಾಗುತ್ತದೆ. ನಾಯಕನ ಅಧಿಕಾರವು ಜನರು ಕೊಟ್ಟದ್ದು. ಅದನ್ನು ಆದೇಶದಿಂದ ಪಡೆಯಲಾಗದು, ಹಸ್ತಾಂತರಿಸಲೂ ಆಗದು. ಆದ್ದರಿಂದಲೇ ಹುದ್ದೆಯಿದ್ದೂ ನಾಯಕರಾಗದವರು, ಹುದ್ದೆಯಿಲ್ಲದೆಯೂ ನಾಯಕರಾದವರು ಎಲ್ಲ ಸಂಸ್ಥೆಗಳಲ್ಲಿಯೂ ಕಂಡುಬರುತ್ತಾರೆ.

ಎರಡನೆಯ ಮುಖ್ಯ ಅಂಶ ಹೊಣೆಗಾರಿಕೆ. ನಿರ್ವಹಣೆಯಲ್ಲಿ ತಪ್ಪು ಎಲ್ಲಿ, ಯಾರಿಂದ ಆಯಿತೆಂದು ಪತ್ತೆಹಚ್ಚಿ ಸರಿಪಡಿಸುವುದು ಕರ್ತವ್ಯ. ನಾಯಕತ್ವದಲ್ಲಿ ತಂಡದ ಸೋಲನ್ನು ತನ್ನ ಮೇಲೆ ತೆಗೆದುಕೊಂಡು, ಗೆಲುವನ್ನು ತಂಡಕ್ಕೆ ಸಲ್ಲಿಸುವುದು ಲಕ್ಷಣ. ಇವೆರಡೂ ಒಂದಕ್ಕೊಂದು ವಿರುದ್ಧವಲ್ಲ. ಹೊರಗಿನವರ ಎದುರು ಹೊಣೆ ಹೊರುವ ಮುಖ್ಯಸ್ಥ ಸಂಸ್ಥೆಯೊಳಗೆ ತಪ್ಪಿನ ಕಾರಣವನ್ನು ಕಟ್ಟುನಿಟ್ಟಾಗಿ ಹುಡುಕಬೇಕಾಗುತ್ತದೆ.

## ಕರ್ನಾಟಕದ ಇತಿಹಾಸದಲ್ಲಿ

### ಗೌಡ ಮತ್ತು ಶಾನುಭೋಗ

ಹಳೆಯ ಮೈಸೂರು ಸೀಮೆಯ ಗ್ರಾಮ ವ್ಯವಸ್ಥೆಯಲ್ಲಿ ಮುಂದಾಳತ್ವ ಮತ್ತು ನಿರ್ವಹಣೆಗಳು ಬೇರೆ ಬೇರೆ ಕೈಗಳಲ್ಲಿದ್ದವು. ಗೌಡ ಅಥವಾ ಪಟೇಲನು ಊರಿನ ಯಜಮಾನನಾಗಿ ಕಂದಾಯ ವಸೂಲಿಗೆ ಮುಂದೆ ನಿಲ್ಲುತ್ತಿದ್ದನು, ವ್ಯಾಜ್ಯಗಳನ್ನು ಬಗೆಹರಿಸುತ್ತಿದ್ದನು. ಜಮೀನಿನ ಲೆಕ್ಕಪತ್ರಗಳು ಶಾನುಭೋಗನ ಬಳಿ ಇರುತ್ತಿದ್ದವು. ಕೆರೆಯ ತೂಬನ್ನು ತೆರೆದು ಮುಚ್ಚಿ, ಸರದಿಯಂತೆ ಗದ್ದೆಗಳಿಗೆ ನೀರು ಹಾಯಿಸುವವನು ನೀರುಗಂಟಿ. ಬರಗಾಲದಲ್ಲಿ ಯಾವ ಬಯಲಿಗೆ ನೀರು ಬಿಡಬೇಕು, ಯಾವುದನ್ನು ಬೀಳುಬಿಡಬೇಕು ಎಂಬ ತೀರ್ಮಾನಕ್ಕೆ ಊರಿನ ಒಪ್ಪಿಗೆ ಬೇಕಿತ್ತು. ಆ ತೀರ್ಮಾನವನ್ನು ದಿನದಿನವೂ ತಪ್ಪದೆ ಜಾರಿಗೆ ತರುವುದು ನೀರುಗಂಟಿಯ ಕೆಲಸವಾಗಿತ್ತು.

ಈ ಹುದ್ದೆಗಳು ವಂಶಪಾರಂಪರ್ಯವಾಗಿದ್ದುದರಿಂದ ಜಾತಿ ಮತ್ತು ಜಮೀನಿನ ಬಲವೇ ಮುಂದಾಳತ್ವವನ್ನು ನಿರ್ಧರಿಸುತ್ತಿತ್ತು. ಜನರ ಒಪ್ಪಿಗೆಯೆಂಬುದು ಹಲವು ವೇಳೆ ಅನಿವಾರ್ಯತೆಯ ಮತ್ತೊಂದು ಹೆಸರಾಗಿತ್ತು. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆಯು ವಂಶಪಾರಂಪರ್ಯ ಹಕ್ಕನ್ನು ಕೊನೆಗೊಳಿಸಿತು. ಶಾನುಭೋಗನ ಕೆಲಸ ಸರ್ಕಾರಿ ನೌಕರನಾದ ಗ್ರಾಮ ಲೆಕ್ಕಿಗನಿಗೆ ಬಂತು. ಊರಿನ ಮುಂದಾಳತ್ವವು ಚುನಾಯಿತ ಪ್ರತಿನಿಧಿಗಳತ್ತ ಸರಿಯಿತು.

### ಶರಣ ಚಳವಳಿ

12ನೆಯ ಶತಮಾನದ ಬಸವಣ್ಣನವರು ಎರಡೂ ಕಾರ್ಯಗಳನ್ನು ನಡೆಸಿದವರಲ್ಲಿ ಪ್ರಮುಖರು. ಕಲ್ಯಾಣದಲ್ಲಿ ಬಿಜ್ಜಳನ ಆಸ್ಥಾನದ ಭಂಡಾರಿಯಾಗಿ ಅವರದು ಲೆಕ್ಕ ಮತ್ತು ಬೊಕ್ಕಸದ ನಿರ್ವಹಣೆ. ಶರಣ ಸಮೂಹದ ನಡುವೆ ಅವರದು ಹುದ್ದೆಯ ಬಲವಿಲ್ಲದ ಮುಂದಾಳತ್ವ. ಅನುಭವ ಮಂಟಪದ ಅಧ್ಯಕ್ಷ ಪೀಠದಲ್ಲಿ ಅಲ್ಲಮಪ್ರಭು ಇದ್ದರೆಂಬುದು ಪರಂಪರೆಯ ನಂಬಿಕೆ. ಸಮೂಹವನ್ನು ಕಟ್ಟಿದವರೇ ಪೀಠವನ್ನೂ ಏರಬೇಕಿಲ್ಲ ಎಂಬ ಮಾದರಿ ಇದರಲ್ಲಿದೆ.

### ಮೈಸೂರು ಸಂಸ್ಥಾನ

ಹಿರಿಯೂರು ತಾಲ್ಲೂಕಿನಲ್ಲಿ ವೇದಾವತಿ ನದಿಗೆ ಕಟ್ಟಿರುವ ವಾಣಿವಿಲಾಸ ಸಾಗರ (ಮಾರಿಕಣಿವೆ) ಮೈಸೂರು ಸಂಸ್ಥಾನದ ಕಾಲದ ದೊಡ್ಡ ನಿರ್ಮಾಣಗಳಲ್ಲೊಂದು. 1907ರಲ್ಲಿ ಪೂರ್ಣಗೊಂಡ ಈ ಜಲಾಶಯವು 1933ರಲ್ಲಿ ತುಂಬಿ ಕೋಡಿ ಹರಿದ ಬಳಿಕ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಮಳೆ ಕಡಿಮೆಯಾದ ಬಯಲುಸೀಮೆಗೆ ಇಂಥದೊಂದು ಅಣೆಕಟ್ಟು ಬೇಕೆಂದು ನಿರ್ಧರಿಸುವುದು ದೂರದೃಷ್ಟಿಯ ಕಾರ್ಯ. ಬಹುಕಾಲ ಅದು ತುಂಬದಿದ್ದರೂ ಇರುವ ನೀರನ್ನು ತೋಟಗಳಿಗೂ ಕುಡಿಯುವುದಕ್ಕೂ ಹಂಚುತ್ತ ಬಂದದ್ದು ನಿರ್ವಹಣೆಯ ಕಾರ್ಯ.

ಸರ್ ಎಂ. ವಿಶ್ವೇಶ್ವರಯ್ಯನವರು 1909ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರ್ ಆಗಿ, 1912ರಿಂದ 1918ರವರೆಗೆ ದಿವಾನರಾಗಿ ಕೆಲಸ ಮಾಡಿದರು. ಸಮಯಪಾಲನೆ, ಕಡತಗಳ ಶಿಸ್ತು, ಅಂಕಿಅಂಶಗಳ ಬಳಕೆ ಮುಂತಾದ ನಿರ್ವಹಣಾ ಗುಣಗಳಿಗೆ ಅವರ ಹೆಸರು ಇಂದಿಗೂ ಗಾದೆಯಂತಿದೆ. 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ನಿರ್ಮಾಣವು ಅವರು ದಿವಾನಗಿರಿಯನ್ನು ಬಿಟ್ಟ ಮೇಲೂ ಮುಂದುವರಿದು 1930ರ ದಶಕದ ಆರಂಭದಲ್ಲಿ ಪೂರ್ಣಗೊಂಡಿತು. ಆರಂಭಿಸಿದವರು ಹೊರಟ ಮೇಲೂ ಕೆಲಸ ನಿಲ್ಲದಿರುವುದು ಸಮರ್ಥ ನಿರ್ವಹಣೆಯ ಕುರುಹು.

ಅವರ ನಿರ್ಗಮನದ ಸಂದರ್ಭವು ಮತ್ತೊಂದು ಅಂಶವನ್ನು ತೋರಿಸುತ್ತದೆ. ಸರ್ಕಾರಿ ಸೇವೆಯಲ್ಲಿ ಹಿಂದುಳಿದ ವರ್ಗಗಳ ಪ್ರಾತಿನಿಧ್ಯವನ್ನು ಪರಿಶೀಲಿಸಲು ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿದರು. ಈ ವಿಷಯದಲ್ಲಿ ಉಂಟಾದ ಭಿನ್ನಾಭಿಪ್ರಾಯವೇ ದಿವಾನರ ರಾಜೀನಾಮೆಗೆ ಮುಖ್ಯ ಕಾರಣವೆಂಬ ಅಭಿಪ್ರಾಯ ವ್ಯಾಪಕವಾಗಿದೆ. ಆಡಳಿತದ ದಕ್ಷತೆ ಒಂದು ಮೌಲ್ಯ. ಆಡಳಿತದಲ್ಲಿ ಎಲ್ಲರಿಗೂ ಪಾಲು ದೊರೆಯಬೇಕೆಂಬುದು ಇನ್ನೊಂದು ಮೌಲ್ಯ. ಇವುಗಳಲ್ಲಿ ಯಾವುದಕ್ಕೆ ಮೊದಲ ಸ್ಥಾನ ಎಂಬುದನ್ನು ಯಾವ ಲೆಕ್ಕಪತ್ರವೂ ತೀರ್ಮಾನಿಸಲಾರದು. ಅದು ನಾಯಕತ್ವಕ್ಕೆ ಸೇರಿದ ತೀರ್ಮಾನ.

### ಏಕೀಕರಣ

ಚಿತ್ರದುರ್ಗದಲ್ಲಿ ವಕೀಲರಾಗಿದ್ದ ಎಸ್. ನಿಜಲಿಂಗಪ್ಪನವರು 1939ರಲ್ಲಿ ತುರುವನೂರಿನ ಅರಣ್ಯ ಸತ್ಯಾಗ್ರಹದ ಮುಂದಾಳುಗಳಲ್ಲಿ ಒಬ್ಬರಾಗಿದ್ದರು, ಮುಂದೆ ಕರ್ನಾಟಕ ಏಕೀಕರಣಕ್ಕಾಗಿ ದುಡಿದರು. 1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯ ಉದಯಿಸಿದಾಗ ಅವರು ಅದರ ಮೊದಲ ಮುಖ್ಯಮಂತ್ರಿಯಾದರು. ಕನ್ನಡಿಗರು ಒಂದಾಗಬೇಕೆಂಬುದು ಚಳವಳಿಯ ಗುರಿ. ಅದನ್ನು ಜನಮನಕ್ಕೆ ಮುಟ್ಟಿಸಿದ್ದು ನಾಯಕತ್ವ. ಆದರೆ ರಾಜ್ಯ ಒಂದಾದ ಮರುದಿನವೇ ನಿರ್ವಹಣೆಯ ಸಮಸ್ಯೆಗಳು ಎದುರಾದವು. ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು ಮತ್ತು ಕೊಡಗು ಎಂಬ ಐದು ಆಡಳಿತಗಳಿಂದ ಬಂದ ಪ್ರದೇಶಗಳಲ್ಲಿ ಕಂದಾಯದ ಕಾನೂನು, ನೌಕರರ ವೇತನ, ಸೇವಾ ಜ್ಯೇಷ್ಠತೆ ಎಲ್ಲವೂ ಬೇರೆ ಬೇರೆಯಾಗಿದ್ದವು. 1959ರ ಸಹಕಾರ ಸಂಘಗಳ ಕಾಯಿದೆ, ಅದೇ ವರ್ಷದ ಗ್ರಾಮ ಪಂಚಾಯಿತಿ ಮತ್ತು ಸ್ಥಳೀಯ ಮಂಡಳಿಗಳ ಕಾಯಿದೆ, 1964ರ ಭೂಕಂದಾಯ ಕಾಯಿದೆಗಳಿಂದ ಇವು ಹಂತಹಂತವಾಗಿ ಏಕರೂಪಕ್ಕೆ ಬಂದವು. ನಾಯಕತ್ವವು ತೋರಿದ ದಾರಿಯನ್ನು ನಡೆಯಬಹುದಾದ ದಾರಿಯನ್ನಾಗಿ ಮಾಡುವುದು ನಿರ್ವಹಣೆ ಎಂಬುದಕ್ಕೆ ಏಕೀಕರಣದ ನಂತರದ ವರ್ಷಗಳು ಉತ್ತಮ ನಿದರ್ಶನ.

### ಬಾಹ್ಯಾಕಾಶ ಸಂಶೋಧನೆ

ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯುಳ್ಳ ಇಸ್ರೋ ಸಂಸ್ಥೆಯ ಎಸ್‌ಎಲ್‌ವಿ-3 ರಾಕೆಟ್ 1979ರ ಆಗಸ್ಟ್ 10ರಂದು ತನ್ನ ಮೊದಲ ಉಡಾವಣೆಯಲ್ಲಿ ವಿಫಲವಾಯಿತು. ಎ.ಪಿ.ಜೆ. ಅಬ್ದುಲ್ ಕಲಾಂ ಆ ಯೋಜನೆಯ ನಿರ್ದೇಶಕರು. ಸತೀಶ್ ಧವನ್ ಇಸ್ರೋದ ಅಧ್ಯಕ್ಷರು. ಅಂದಿನ ಪತ್ರಿಕಾಗೋಷ್ಠಿಯನ್ನು ಧವನ್ ತಾವೇ ಎದುರಿಸಿ ವೈಫಲ್ಯದ ಹೊಣೆಯನ್ನು ಹೊತ್ತರು. 1980ರ ಜುಲೈ 18ರಂದು ಅದೇ ರಾಕೆಟ್ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿದಾಗ ಮಾತನಾಡುವ ಅವಕಾಶವನ್ನು ಕಲಾಂ ಅವರಿಗೆ ಬಿಟ್ಟುಕೊಟ್ಟರು. ಕಲಾಂ ಈ ಘಟನೆಯನ್ನು ನಾಯಕತ್ವದ ಪಾಠವೆಂದು ಅನೇಕ ವೇದಿಕೆಗಳಲ್ಲಿ ಸ್ಮರಿಸಿದ್ದಾರೆ. ಎರಡು ಉಡಾವಣೆಗಳ ನಡುವಿನ ಹನ್ನೊಂದು ತಿಂಗಳಲ್ಲಿ ದೋಷವನ್ನು ಪತ್ತೆಹಚ್ಚಿ ಸರಿಪಡಿಸಿದ ಕೆಲಸ ನಿರ್ವಹಣೆಯದು. ಅದಿಲ್ಲದಿದ್ದರೆ ಅಧ್ಯಕ್ಷರ ಔದಾರ್ಯವೊಂದರಿಂದಲೇ ರಾಕೆಟ್ ಮೇಲೇರುತ್ತಿರಲಿಲ್ಲ.

## ಸಹಕಾರ ಸಂಘಗಳಲ್ಲಿ

ನಿರ್ವಹಣೆ ಮತ್ತು ನಾಯಕತ್ವಗಳನ್ನು ರಚನೆಯಲ್ಲಿಯೇ ಬೇರ್ಪಡಿಸಿರುವ ಸಂಸ್ಥೆ ಸಹಕಾರ ಸಂಘ. ಸದಸ್ಯರು ಆರಿಸಿದ ಆಡಳಿತ ಮಂಡಳಿ ಮತ್ತು ಅಧ್ಯಕ್ಷರು ನೀತಿಯನ್ನು ನಿರ್ಧರಿಸುತ್ತಾರೆ. ಸಂಬಳ ಪಡೆಯುವ ಕಾರ್ಯದರ್ಶಿ ಅದನ್ನು ನಡೆಸುತ್ತಾನೆ. ಇಂದಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ ಆರಂಭವಾದ ಸಂಘವು ದೇಶದ ಮೊದಲ ಕೃಷಿ ಸಹಕಾರ ಸಂಘವೆಂದು ಪ್ರಸಿದ್ಧವಾಗಿದೆ.

ಹಾಲಿನ ಕ್ಷೇತ್ರದಲ್ಲಿ ಈ ಎರಡರ ಜೋಡಿಗೆ ಗುಜರಾತಿನ ಆನಂದ್ ಮಾದರಿಯಾಯಿತು. 1946ರಲ್ಲಿ ನೋಂದಣಿಯಾದ ಖೇಡಾ ಜಿಲ್ಲೆಯ ಒಕ್ಕೂಟಕ್ಕೆ ತ್ರಿಭುವನದಾಸ್ ಪಟೇಲ್ ಅಧ್ಯಕ್ಷರಾಗಿದ್ದರು. ಹಳ್ಳಿಹಳ್ಳಿಗೆ ನಡೆದು ರೈತರ ವಿಶ್ವಾಸವನ್ನು ಗಳಿಸಿದವರು ಅವರು. 1949ರಲ್ಲಿ ಆನಂದ್‌ಗೆ ಬಂದ ವರ್ಗೀಸ್ ಕುರಿಯನ್ ಡೈರಿಯ ಯಂತ್ರ, ಮಾರುಕಟ್ಟೆ ಮತ್ತು ಲೆಕ್ಕಗಳನ್ನು ಕೈಗೆತ್ತಿಕೊಂಡರು. 1970ರಲ್ಲಿ ಆರಂಭವಾದ ಆಪರೇಷನ್ ಫ್ಲಡ್ ಯೋಜನೆಯ ವೇಳೆಗೆ ಕುರಿಯನ್ ಅವರೇ ರಾಷ್ಟ್ರಮಟ್ಟದ ನಾಯಕರಾಗಿ ಬೆಳೆದಿದ್ದರು. ನಿರ್ವಾಹಕನು ನಾಯಕನಾಗಿ ಬೆಳೆಯಬಲ್ಲನೆಂಬುದಕ್ಕೆ ಅವರ ಜೀವನ ಸಾಕ್ಷಿ.

ಕರ್ನಾಟಕದಲ್ಲಿ 1974ರಿಂದ ವಿಶ್ವಬ್ಯಾಂಕಿನ ನೆರವಿನೊಡನೆ ಆನಂದ್ ಮಾದರಿಯ ಸಂಘಗಳು ಆರಂಭವಾದವು. ಹಳ್ಳಿಯಲ್ಲಿ ಪ್ರಾಥಮಿಕ ಸಂಘ, ಅದರ ಮೇಲೆ ಜಿಲ್ಲಾ ಒಕ್ಕೂಟ, ರಾಜ್ಯಮಟ್ಟದಲ್ಲಿ ಕರ್ನಾಟಕ ಹಾಲು ಮಹಾಮಂಡಳ ಎಂಬ ಮೂರು ಹಂತಗಳಿವೆ. ಹೊಳಲ್ಕೆರೆ ತಾಲ್ಲೂಕಿನ ತಾಳ್ಯ ಹೋಬಳಿಯೂ ಸೇರಿದಂತೆ ಚಿತ್ರದುರ್ಗ ಜಿಲ್ಲೆಯ ಹಳ್ಳಿಗಳು ಶಿವಮೊಗ್ಗ, ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ಒಕ್ಕೂಟವಾದ ಶಿಮುಲ್‌ನ ವ್ಯಾಪ್ತಿಯಲ್ಲಿ ಬಂದಿವೆ.

ಹಳ್ಳಿಯವರು 'ಡೈರಿ' ಎಂದೇ ಕರೆಯುವ ಪ್ರಾಥಮಿಕ ಸಂಘದಲ್ಲಿ ಬೆಳಿಗ್ಗೆ ಮತ್ತು ಸಂಜೆ ಹಾಲಿನ ಅಳತೆ ನಡೆಯುತ್ತದೆ. ಹಾಲಿನ ಮಾದರಿ ತೆಗೆಯುವುದು, ಜಿಡ್ಡು ಮತ್ತು ಜಿಡ್ಡೇತರ ಘನಾಂಶವನ್ನು ಪರೀಕ್ಷಿಸುವುದು, ಸದಸ್ಯರ ಪುಸ್ತಕದಲ್ಲಿ ಬರೆಯುವುದು, ಹಾಲನ್ನು ವೇಳೆಗೆ ಸರಿಯಾಗಿ ವಾಹನಕ್ಕೆ ತುಂಬಿಸುವುದು, ಹಣ ಬಟವಾಡೆ ಮಾಡುವುದು, ಪಶು ಆಹಾರದ ದಾಸ್ತಾನು ಇಡುವುದು, ಲೆಕ್ಕ ಪರಿಶೋಧನೆಗೆ ಕಡತ ಸಿದ್ಧಪಡಿಸುವುದು ಇವೆಲ್ಲ ಕಾರ್ಯದರ್ಶಿ ಮತ್ತು ಹಾಲು ಪರೀಕ್ಷಕರ ಕೆಲಸಗಳು. ಒಂದು ಹೊತ್ತು ತಡವಾದರೂ ಹಾಲು ಒಡೆಯುತ್ತದೆ. ಒಂದು ಬಟವಾಡೆ ತಪ್ಪಿದರೂ ಬಡ ಕುಟುಂಬದ ವಾರದ ಸಂತೆ ತಪ್ಪುತ್ತದೆ. ಆದ್ದರಿಂದ ಇಲ್ಲಿ ನಿರ್ವಹಣೆಯು ಬರಿಯ ಕಾಗದದ ಕೆಲಸವಲ್ಲ.

ಆದರೆ ನಿರ್ವಹಣೆಯ ನಿಯಮಕ್ಕೆ ನಾಯಕತ್ವದ ಬೆಂಬಲ ಬೇಕಾಗುವ ಸಂದರ್ಭಗಳಿವೆ. ಪರೀಕ್ಷೆಯಲ್ಲಿ ನೀರು ಬೆರೆತಿದೆಯೆಂದು ಕಂಡ ಹಾಲು ಊರಿನ ಪ್ರಭಾವಿಯೊಬ್ಬರದಾದರೆ, ಅದನ್ನು ಹಿಂದಿರುಗಿಸುವ ಧೈರ್ಯ ಸಂಬಳದ ನೌಕರನೊಬ್ಬನಿಗೆ ಸುಲಭವಾಗಿ ಬರುವುದಿಲ್ಲ. ಅಧ್ಯಕ್ಷರು ತಮ್ಮ ಮನೆಯ ಹಾಲಿಗೂ ಅದೇ ಪರೀಕ್ಷೆಯನ್ನು ಮಾಡಿಸಿದಾಗ ಮಾತ್ರ ನಿಯಮಕ್ಕೆ ಬಲ ಬರುತ್ತದೆ. ಹಾಗೆಯೇ, ಹೆಚ್ಚು ದರ ಕೊಡುವುದಾಗಿ ಖಾಸಗಿ ವ್ಯಾಪಾರಿ ಬಂದಾಗ ಸದಸ್ಯರು ಸಂಘದಲ್ಲಿಯೇ ಉಳಿಯುವಂತೆ ಮನವೊಲಿಸುವುದು, ಒಂದೇ ಹಸುವಿರುವ ಮನೆಯ ಹೆಣ್ಣುಮಗಳೂ ವಾರ್ಷಿಕ ಮಹಾಸಭೆಯಲ್ಲಿ ಎದ್ದುನಿಂತು ಲೆಕ್ಕ ಕೇಳುವಂಥ ವಾತಾವರಣವನ್ನು ಉಂಟುಮಾಡುವುದು ನಾಯಕತ್ವದ ಕೆಲಸಗಳು.

## ಗ್ರಾಮ ಪಂಚಾಯಿತಿ ಮತ್ತು ಶಾಲೆಯಲ್ಲಿ

1993ರ ಪಂಚಾಯತ್ ರಾಜ್ ಕಾಯಿದೆಯ ಅಡಿಯಲ್ಲಿ ರಚಿತವಾದ ಗ್ರಾಮ ಪಂಚಾಯಿತಿಯಲ್ಲಿ ಚುನಾಯಿತ ಅಧ್ಯಕ್ಷರೂ ಸರ್ಕಾರ ನೇಮಿಸಿದ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೂ (ಪಿಡಿಒ) ಇರುತ್ತಾರೆ. ಕುಡಿಯುವ ನೀರಿಗೆ ಮೊದಲ ಹಣವೋ ಚರಂಡಿಗೆ ಮೊದಲ ಹಣವೋ ಎಂಬುದು ಗ್ರಾಮಸಭೆಯಲ್ಲಿ ಜನಪ್ರತಿನಿಧಿಗಳು ಜನರೊಡನೆ ಚರ್ಚಿಸಿ ಕೈಗೊಳ್ಳಬೇಕಾದ ತೀರ್ಮಾನ. ಕ್ರಿಯಾಯೋಜನೆ, ಅಂದಾಜು ಪಟ್ಟಿ, ಬಿಲ್ಲು, ದಾಖಲೆಗಳು ಪಿಡಿಒ ಹೊಣೆ. ಗ್ರಾಮಸಭೆಯು ಕಾಗದದ ಮೇಲಷ್ಟೇ ನಡೆದಾಗ ಅಧಿಕಾರಿಯೇ ಗುರಿಯನ್ನೂ ನಿರ್ಧರಿಸುವಂತಾಗುತ್ತದೆ. ಮಹಿಳಾ ಮೀಸಲು ಸ್ಥಾನದಲ್ಲಿ ಆಯ್ಕೆಯಾದ ಅಧ್ಯಕ್ಷೆಯ ಬದಲು ಮನೆಯ ಗಂಡಸರು ವ್ಯವಹರಿಸಿದಾಗ ಪದವಿ ಒಬ್ಬರದು, ಅಧಿಕಾರ ಇನ್ನೊಬ್ಬರದು ಎಂಬಂತಾಗುತ್ತದೆ. ಇವೆರಡೂ ನಾಯಕತ್ವದ ಸ್ಥಾನ ಖಾಲಿಯಾಗಿರುವ ಸ್ಥಿತಿಗಳೇ.

ಸರ್ಕಾರಿ ಶಾಲೆಯ ಮುಖ್ಯ ಶಿಕ್ಷಕರಲ್ಲಿ ಎರಡೂ ಕಾರ್ಯಗಳು ಒಬ್ಬರ ಮೇಲೆಯೇ ಬೀಳುತ್ತವೆ. ದಾಖಲಾತಿ, ಹಾಜರಾತಿ, ವೇಳಾಪಟ್ಟಿ, ಅಕ್ಷರ ದಾಸೋಹದ ಅಕ್ಕಿ-ಬೇಳೆಯ ಲೆಕ್ಕ, ಪಠ್ಯಪುಸ್ತಕ-ಸಮವಸ್ತ್ರಗಳ ವಿತರಣೆ, ಇಲಾಖೆ ಕೇಳುವ ಮಾಹಿತಿಯ ರವಾನೆ ಇವು ನಿರ್ವಹಣೆಗೆ ಸೇರುತ್ತವೆ. ಇವುಗಳಲ್ಲಿ ಲೋಪವಾದರೆ ಕೂಡಲೇ ಪ್ರಶ್ನೆ ಬರುತ್ತದೆ. ಮಕ್ಕಳು ಓದಲು ಕಲಿಯುತ್ತಿದ್ದಾರೆಯೇ, ಶಾಲೆ ಬಿಟ್ಟ ಹುಡುಗಿ ಮರಳಿ ಬಂದಳೇ, ಹೊಸ ಶಿಕ್ಷಕರಿಗೆ ಹಿರಿಯರ ನೆರವು ಸಿಗುತ್ತಿದೆಯೇ ಎಂಬ ನಾಯಕತ್ವದ ಪ್ರಶ್ನೆಗಳನ್ನು ಯಾವ ನಮೂನೆಯೂ ಪೂರ್ಣವಾಗಿ ಕೇಳುವುದಿಲ್ಲ. ತುರ್ತಾದ ನಿರ್ವಹಣೆಯು ಮಹತ್ತ್ವದ ನಾಯಕತ್ವವನ್ನು ಹಿಂದಕ್ಕೆ ತಳ್ಳುವ ಅಪಾಯ ಶಾಲೆಗಳಲ್ಲಿ ಹೆಚ್ಚು. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯು ಪೋಷಕರನ್ನು ಈ ಹೊಣೆಯಲ್ಲಿ ಪಾಲುದಾರರನ್ನಾಗಿ ಮಾಡುವ ಉದ್ದೇಶ ಹೊಂದಿದೆ.

## ಸಮತೋಲನ ತಪ್ಪಿದಾಗ

ಒಂದು ಕಾರ್ಯವಿದ್ದು ಇನ್ನೊಂದಿಲ್ಲದ ಸಂಸ್ಥೆಗಳಲ್ಲಿ ಸಾಮಾನ್ಯವಾಗಿ ಕಂಡುಬರುವ ಲಕ್ಷಣಗಳು ಹೀಗಿವೆ:

* ನಿರ್ವಹಣೆ ಮಾತ್ರ ಇದ್ದಾಗ: ಕಡತಗಳು ಅಚ್ಚುಕಟ್ಟಾಗಿರುತ್ತವೆ, ಸಭೆಗಳು ವೇಳೆಗೆ ನಡೆಯುತ್ತವೆ. ಆದರೆ ಸಂಸ್ಥೆ ಏಕಿದೆಯೆಂಬುದನ್ನು ಸಿಬ್ಬಂದಿ ಮರೆಯುತ್ತಾರೆ. ಹೊಸ ಸಮಸ್ಯೆಗೆ ಹಳೆಯ ಸುತ್ತೋಲೆಯಲ್ಲಿ ಉತ್ತರ ಹುಡುಕಲಾಗುತ್ತದೆ.
* ನಾಯಕತ್ವ ಮಾತ್ರ ಇದ್ದಾಗ: ಉತ್ಸಾಹ ತುಂಬಿರುತ್ತದೆ, ಜನ ಸೇರುತ್ತಾರೆ. ಆದರೆ ರಸೀದಿ, ಲೆಕ್ಕ, ಕೆಲಸದ ಹಂಚಿಕೆ ಇಲ್ಲದೆ ಹಣ ಸೋರುತ್ತದೆ, ಸಂಶಯ ಹುಟ್ಟುತ್ತದೆ. ಮುಂದಾಳು ದೂರವಾದ ದಿನ ಸಂಸ್ಥೆಯೂ ಕುಸಿಯುತ್ತದೆ.
* ಎರಡೂ ಒಬ್ಬರಲ್ಲಿಯೇ ಕೇಂದ್ರೀಕೃತವಾದಾಗ: ನಿರ್ಧಾರಗಳು ವೇಗವಾಗಿ ಆಗುತ್ತವೆ. ಆದರೆ ಪ್ರಶ್ನಿಸುವವರು ಇಲ್ಲದಂತಾಗಿ, ಮುಂದಿನ ಸಾಲಿನವರು ಬೆಳೆಯುವುದಿಲ್ಲ.

ಸಂಸ್ಥೆಯ ವಯಸ್ಸೂ ಇಲ್ಲಿ ಮುಖ್ಯ. ಆರಂಭದ ವರ್ಷಗಳಲ್ಲಿ ನಾಯಕತ್ವದ ಪಾಲು ಹೆಚ್ಚು. ಬೆಳೆದಂತೆ ನಿರ್ವಹಣೆಯ ಪಾಲು ಹೆಚ್ಚುತ್ತದೆ. ಬರ, ಸಾಂಕ್ರಾಮಿಕ ರೋಗ, ಕಾನೂನಿನ ಬದಲಾವಣೆಗಳಂಥ ಸಂದರ್ಭಗಳಲ್ಲಿ ಮತ್ತೆ ನಾಯಕತ್ವ ಮುಂದೆ ಬರಬೇಕಾಗುತ್ತದೆ.

## ವಿಮರ್ಶೆ

ಈ ವಿಂಗಡಣೆಯನ್ನು ಒಪ್ಪದವರೂ ಇದ್ದಾರೆ. ಹೆನ್ರಿ ಮಿಂಟ್ಜ್‌ಬರ್ಗ್ 1973ರಲ್ಲಿ ನಿರ್ವಾಹಕರ ದಿನಚರಿಯನ್ನು ಪ್ರತ್ಯಕ್ಷ ಗಮನಿಸಿ ಅವರು ವಹಿಸುವ ಹತ್ತು ಪಾತ್ರಗಳನ್ನು ಗುರುತಿಸಿದರು. ಅವುಗಳಲ್ಲಿ ನಾಯಕನ ಪಾತ್ರವೂ ಒಂದು. ವಾಸ್ತವದಲ್ಲಿ ಎರಡನ್ನೂ ಬಿಡಿಸಿ ನೋಡಲಾಗದೆಂಬುದು ಅವರ ವಾದ. ಜೇಮ್ಸ್ಮೈಂಡ್ಲ್ ಮತ್ತಿತರರು 1985ರಲ್ಲಿ, ಸಂಸ್ಥೆಯ ಏಳುಬೀಳುಗಳಿಗೆಲ್ಲ ನಾಯಕನೊಬ್ಬನನ್ನೇ ಕಾರಣವೆಂದು ಕಾಣುವ ಪ್ರವೃತ್ತಿಯನ್ನು ಪ್ರಶ್ನಿಸಿದರು. ಭಾರತದಲ್ಲಿ ಜೆ.ಬಿ.ಪಿ. ಸಿನ್ಹಾ ಅವರು ಹಿರಿಯರಂತೆ ವಾತ್ಸಲ್ಯ ತೋರುತ್ತಲೇ ಕೆಲಸವನ್ನು ಕಟ್ಟುನಿಟ್ಟಾಗಿ ಕೇಳುವ ನಾಯಕತ್ವವು ಇಲ್ಲಿನ ಸಂಸ್ಥೆಗಳಿಗೆ ಹೊಂದುವುದೆಂದು ಪ್ರತಿಪಾದಿಸಿದರು. ಪಾಶ್ಚಾತ್ಯ ವಿಂಗಡಣೆಯ ಎರಡು ಬದಿಗಳು ಇದರಲ್ಲಿ ಒಂದಾಗಿವೆ.

ಮತ್ತೊಂದು ಆಕ್ಷೇಪವು ಗೌರವದ ಹಂಚಿಕೆಗೆ ಸಂಬಂಧಿಸಿದ್ದು. ನಾಯಕತ್ವವನ್ನು ಶ್ರೇಷ್ಠವೆಂದೂ ನಿರ್ವಹಣೆಯನ್ನು ಕೆಳಮಟ್ಟದ್ದೆಂದೂ ಬಿಂಬಿಸಿದಾಗ ಲೆಕ್ಕ ಬರೆಯುವ, ಸಾಮಗ್ರಿ ಹೊಂದಿಸುವ, ಅಡುಗೆ ಮಾಡುವ, ನೀರು ಬಿಡುವ ಕೈಗಳ ದುಡಿಮೆ ಕಣ್ಮರೆಯಾಗುತ್ತದೆ. ಇಂಥ ದುಡಿಮೆಯಲ್ಲಿ ದೊಡ್ಡ ಪಾಲು ಮಹಿಳೆಯರದು ಮತ್ತು ದುರ್ಬಲ ವರ್ಗದವರದು. ಅವರಲ್ಲಿ ಯಾರಾದರೂ ದಿಕ್ಕನ್ನು ಸೂಚಿಸಿದಾಗಲೂ ಅದನ್ನು 'ಸಹಾಯ'ವೆಂದು ಕರೆದು, ಪೀಠದಲ್ಲಿರುವವರ ಕೆಲಸವನ್ನು ಮಾತ್ರ 'ನಾಯಕತ್ವ'ವೆಂದು ದಾಖಲಿಸುವುದುಂಟು. ಆದುದರಿಂದ ಒಂದು ಸಂಸ್ಥೆಯನ್ನು ಅಧ್ಯಯನ ಮಾಡುವಾಗ ಯಾರ ಹುದ್ದೆ ಏನು ಎಂಬುದಕ್ಕಿಂತ, ಗುರಿಯನ್ನು ಯಾರು ಸೂಚಿಸಿದರು, ಜನರು ಯಾರ ಮಾತಿಗೆ ಓಗೊಟ್ಟರು, ಕೆಲಸವನ್ನು ಕೊನೆಮುಟ್ಟಿಸಿದವರು ಯಾರು ಎಂಬ ಮೂರು ಪ್ರಶ್ನೆಗಳನ್ನು ಕೇಳುವುದು ಹೆಚ್ಚು ಫಲಪ್ರದ.

## ಇವನ್ನೂ ನೋಡಿ

* ಸಹಕಾರ ಚಳವಳಿ
* ಕರ್ನಾಟಕ ಹಾಲು ಮಹಾಮಂಡಳ
* ಪಂಚಾಯತ್ ರಾಜ್
* ವಾಣಿವಿಲಾಸ ಸಾಗರ
* ಕರ್ನಾಟಕದ ಏಕೀಕರಣ
* ಸಾರ್ವಜನಿಕ ಆಡಳಿತ